ಮಾವನ ಠೇವಣಿಯಲ್ಲಿ ಅತ್ತೆಯ ಹೆಸರು

ಉಡುಪಿಯ ಒಂದು ಸಹಕಾರಿ ಸಂಘದ ಠೇವಣಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಮ್ಮ ಕುಟುಂಬದಲ್ಲಿ ನನಗೆ ಡಾಕ್ಟರರಿಗಿಂತ ಹೆಚ್ಚು ಮರ್ಯಾದೆ. ಡಾಕ್ಟರರ ಹತ್ತಿರ ಹೋಗಬೇಕಾದರೆ ಸಣ್ಣ ಜ್ವರವಾದರೂ ಬರಬೇಕು. ನನ್ನ ಹತ್ತಿರ ಬರಲು ಅದೂ ಬೇಡ. ಅಲೆವೂರಿನ ನಮ್ಮ ಮನೆಗೆ ಭಾನುವಾರ ಬರುವ ನೆಂಟರು ಚಹಾ ಕುಡಿದು, ಗೋಳಿಬಜೆ ತಿಂದು, ಇನ್ನೇನು ಚಪ್ಪಲಿ ಮೆಟ್ಟಬೇಕು ಎನ್ನುವಾಗ, "ಒಂದು ವಿಷಯ ಕೇಳ್ಲಿಕ್ಕಿತ್ತು" ಎಂದು ಚೀಲದಿಂದ ಕಾಗದ ತೆಗೆಯುತ್ತಾರೆ. ಬಡ್ಡಿ ಎಲ್ಲಿ ಹೆಚ್ಚು, ಚಿನ್ನ ಈಗಲೇ ತೆಗೆಯುವುದಾ ಅಥವಾ ಮದುವೆ ಹತ್ತಿರ ಬಂದ ಮೇಲಾ, ವಿಮೆ ಮಗಳ ಹೆಸರಿನಲ್ಲಾ ಮಗನ ಹೆಸರಿನಲ್ಲಾ, ಎಲ್ಲಕ್ಕೂ ನಾನು ಉತ್ತರ ಹೇಳಬೇಕು. ಹೇಳುತ್ತೇನೆ ಕೂಡ. ಬುದ್ಧಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ನನ್ನ ಗಂಡನ ಪ್ರಕಾರ ಅದು ಇಷ್ಟವಲ್ಲ, ಚಟ.

ಹಾಗಾಗಿ ಒಂದು ಬೇಸಗೆಯಲ್ಲಿ ಕಾಪುವಿನಿಂದ ಮಾವ ಫೋನ್ ಮಾಡಿ, "ನೀನೊಮ್ಮೆ ಬಂದು ಹೋಗು ಮಗಾ, ನನ್ನ ಪ್ಲ್ಯಾನಿಂಗ್ ಮಾಡ್ಲಿಕ್ಕುಂಟು" ಎಂದಾಗ ಆಶ್ಚರ್ಯವೇನೂ ಆಗಲಿಲ್ಲ. ಮಾವ ಎಂದರೆ ನನ್ನ ಅಮ್ಮನ ತಮ್ಮ. ಗಲ್ಫಿನ ಒಂದು ಕಂಪೆನಿಯಲ್ಲಿ ಬಹಳ ವರ್ಷ ಸ್ಟೋರ್ ನೋಡಿಕೊಂಡಿದ್ದು, ಊರಿಗೆ ಮರಳಿ, ಕಾಪುವಿನಲ್ಲಿ ಜಾಗ ಕೊಂಡು ಮನೆ ಕಟ್ಟಿಸಿದವರು. ಅವರಿಗೂ ಅತ್ತೆಗೂ ಮಕ್ಕಳಿಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಮಾವ, ಮದುವೆಯ ಊಟ ಹಾಕಿಸಿದ್ದು ಮಾವ, ಆ ಊಟದಲ್ಲಿ ಉಪ್ಪು ಕಡಿಮೆ ಎಂದು ಅಡುಗೆಯವರ ಹತ್ತಿರ ಜಗಳ ಮಾಡಿದ್ದೂ ಮಾವನೇ.

ಅವರಿಗೆ ಹರ್ನಿಯಾ ಆಗಿತ್ತು. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಸಣ್ಣದು, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರರು ಹೇಳಿದ್ದೇ ಮಾವನ ಹೆದರಿಕೆಗೆ ಕಾರಣ. ಹೆದರಬೇಡ ಎಂದು ಯಾರಾದರೂ ಹೇಳಿದರೆ ಏನೋ ಉಂಟು ಎಂದೇ ಅವರ ಲೆಕ್ಕ. ಹೆದರಿದ ಮಾವ ಮೊಬೈಲಿನಲ್ಲಿ ಹಣಕಾಸಿನ ಯೋಜನೆಯ ವಿಡಿಯೋಗಳನ್ನು ನೋಡಲು ಶುರುಮಾಡಿದ್ದರು.

"ನಿಮ್ಮ ಗೋಲ್ ಎಂತ ಅಂತ ಕೇಳ್ತಾನೆ ಆ ಜನ," ಎಂದರು ನಾನು ಹೋಗಿ ಜಗಲಿಯಲ್ಲಿ ಕುಳಿತ ಕೂಡಲೇ. "ಎಪ್ಪತ್ತು ದಾಟಿದವನಿಗೆ ಎಂತ ಗೋಲ್ ಮಾರಾಯ್ತಿ? ಬೆಳಿಗ್ಗೆ ಹೊಟ್ಟೆ ಸರಿ ಹೋದ್ರೆ ಅದೇ ಗೋಲ್."

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತು. ಅತ್ತೆ ಒಳಗಿನಿಂದ ಪಾತ್ರೆ ಹಿಡಿದು ಬಂದು ಮಾವನ ಮುಂದೆ ಕೈಚಾಚಿ ನಿಂತರು. ಮಾವ ಕುರ್ಚಿಯ ಹಿಂದೆ ನೇತುಹಾಕಿದ್ದ ಅಂಗಿಯ ಕಿಸೆಯಿಂದ ಪರ್ಸ್ ತೆಗೆದು, ನೋಟು ಕೊಟ್ಟರು. ಅತ್ತೆ ಬಂಗುಡೆ ತೆಗೆದುಕೊಂಡು ವಾಪಸು ಬಂದಾಗ, ತಲೆ ಎತ್ತದೆಯೇ, "ಬಾಕಿ ಎಷ್ಟು?" ಎಂದು ಕೇಳಿದರು. ಅತ್ತೆ ಚಿಲ್ಲರೆಯನ್ನು ಅವರ ಅಂಗೈಗೆ ಹಾಕಿ ಒಳಗೆ ಹೋದರು. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ರಜೆಗೆ ಊರಿಗೆ ಬಂದಿದ್ದಾಗಲೂ ಮಾವನದ್ದು ಇದೇ ಪ್ರಶ್ನೆ. ಅವರು ಜಿಪುಣರಲ್ಲ, ಸ್ಟೋರ್ ನೋಡಿಕೊಂಡವರಿಗೆ ಬಾಕಿ ಕೇಳುವುದು ಬಾಯಿಗೆ ಬಂದುಬಿಟ್ಟಿದೆ.

ಆಮೇಲೆ ಮಾವ ಸೀರೆ ಅಂಗಡಿಯ ಒಂದು ಚೀಲವನ್ನು ನನ್ನ ಮಡಿಲಿಗೆ ಹಾಕಿದರು. ಠೇವಣಿಯ ರಸೀದಿಗಳು, ಪಾಸ್‌ಬುಕ್, ಮನೆಯ ಕಾಗದ. ಎಲ್ಲ ನೀಟಾಗಿ ಜೋಡಿಸಿ, ಮೇಲಕ್ಕೊಂದು ರಬ್ಬರ್ ಬ್ಯಾಂಡ್.

"ನೋಡು," ಎಂದರು ಹೆಮ್ಮೆಯಿಂದ, "ಎಲ್ಲಾ ಕಡೆ ನಾಮಿನಿ ನೀನೇ. ಒಂದು ಕಡೆ ಸಹ ತಪ್ಪಿಲ್ಲ."

ನಮ್ಮದು ಅಳಿಯಸಂತಾನದ ಕುಟುಂಬ. ಎಂದರೆ, ನಮ್ಮಲ್ಲಿ ವಂಶ ಮುಂದುವರಿಯುವುದು ತಾಯಿಯಿಂದ ಮಗಳಿಗೆ. ಗಂಡಸು ದುಡಿದದ್ದು ಹಿಂದೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತಿರಲಿಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಕಾನೂನು ಬದಲಾಗಿ ಕಾಲವಾಯಿತು. ಈಗ ಎಲ್ಲರ ಮನೆಯಲ್ಲೂ ಗಂಡನದ್ದು ಹೆಂಡತಿಗೆ, ಅಪ್ಪನದ್ದು ಮಕ್ಕಳಿಗೆ. ಅಳಿಯಸಂತಾನ ಉಳಿದಿರುವುದು ದೈವದ ಕಾರ್ಯದಲ್ಲಿ, ಮದುವೆಗೆ ಗೋತ್ರ ಕೇಳುವಂತೆ ಬಳಿ ಕೇಳುವುದರಲ್ಲಿ, ಮತ್ತು ನನ್ನ ಮಾವನ ತಲೆಯಲ್ಲಿ. ಅಮ್ಮನಿಗೆ ನಾನೊಬ್ಬಳೇ ಮಗಳು. ಹಾಗಾಗಿ ಮಾವನಿಗೆ ಇರುವುದೂ ನಾನೊಬ್ಬಳೇ.

"ಅತ್ತೆಯ ಹೆಸರು ಎಲ್ಲಿ?" ಎಂದು ಕೇಳಿದೆ.

"ಅವಳ ಹೆಸರು ಎಂತಕ್ಕೆ? ಅವಳಿಗೆ ನೀನಿಲ್ವಾ?"

"ನಾನಿದ್ದೇನೆ. ಆದ್ರೆ ನನ್ನ ಹೆಸರು ತೆಗೆದು ಅತ್ತೆಯದ್ದು ಹಾಕಿ. ಮೊದಲು ಆ ಕೆಲಸ ಆಗ್ಬೇಕು."

ಮಾವನ ಮುಖ ನೋಡಬೇಕಿತ್ತು. ನಾನು ಅವರ ಮನೆಯ ಹಂಚು ಇಳಿಸಿ ಎಂದು ಹೇಳಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ. "ನಿನ್ನ ಹೆಸರು ಹೊಡೆದು ಹಾಕುವುದಾ? ನನ್ನ ಕೈಯಲ್ಲಾ? ನಾಳೆ ಅಕ್ಕನಿಗೆ ಹೇಗೆ ಮುಖ ತೋರಿಸುವುದು? ಅಂಥ ಪ್ಲ್ಯಾನಿಂಗ್ ನನಗೆ ಬೇಡವೇ ಬೇಡ."

"ನಾಳೆ ನಾನೇ ತಿರುಗಿ ಬಿದ್ದರೆ? ಅತ್ತೆಗೆ ಒಂದು ಪೈಸೆ ಕೊಡುವುದಿಲ್ಲ ಅಂತ ಹೇಳಿದ್ರೆ?"

"ನೀನಾ? ಬೀಳು ನೋಡುವ," ಎಂದು ನಕ್ಕುಬಿಟ್ಟರು.

ಇಂಥವರ ಹತ್ತಿರ ಏನು ವಾದ ಮಾಡುವುದು? ದಿನಾ ಕೌಂಟರಿನಲ್ಲಿ ಕುಳಿತು ನಾನು ನೋಡುವುದು ಅಣ್ಣನನ್ನು ನಂಬದ ತಮ್ಮ, ಮಗನನ್ನು ನಂಬದ ಅಪ್ಪ. ಇಲ್ಲಿ ಒಬ್ಬರು ನನ್ನನ್ನು ಇಷ್ಟು ನಂಬಿ ಕುಳಿತಿದ್ದಾರೆ, ನನಗೆ ಅದಕ್ಕೇ ಸಿಟ್ಟು. ಸಿಟ್ಟಿನ ಜೊತೆಗೆ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಅದು ಕಾಣಬಾರದೆಂದು ಎದ್ದು ಹಿತ್ತಲಿಗೆ ಹೋದೆ.

ಅತ್ತೆ ಬಾವಿಕಟ್ಟೆಯ ಪಕ್ಕ ಮೀನು ಕೊಯ್ಯುತ್ತಿದ್ದರು. ಸುತ್ತ ನೆರೆಕರೆಯ ಬೆಕ್ಕುಗಳೆಲ್ಲ ಮೀಟಿಂಗಿಗೆ ಸೇರಿದ್ದವು.

"ನೀವು ಕೇಳಿಸಿಕೊಂಡಿರಿ ಅಲ್ವಾ ಅತ್ತೆ?"

"ನಿನ್ನ ಮಾವನ ಸ್ವರ ಲೈಟ್‌ಹೌಸಿನವರೆಗೆ ಕೇಳ್ತದೆ. ನನಗೆ ಕೇಳದಾ?"

"ಮತ್ತೆ ನೀವು ಒಂದು ಮಾತು ಹೇಳ್ಬಾರ್ದಾ?"

"ಎಂತ ಹೇಳುವುದು? ನನ್ನ ಅಮ್ಮ ಕೊಟ್ಟ ಚಿನ್ನ ಲಾಕರಿನಲ್ಲಿ ಉಂಟು. ಅದಕ್ಕೆ ನಾನು ಹಾಕಿದ್ದು ನನ್ನ ತಂಗಿಯ ಮಗಳ ಹೆಸರು. ನಾನು ಅವರಿಗೆ ಹೇಳ್ಲಿಕ್ಕೆ ಹೋದ್ರೆ ಅವರು ನನಗೆ ಹೇಳುದಿಲ್ವಾ?" ಎಂದು ನಕ್ಕರು. ಅತ್ತೆ ನಗುವಾಗ ಹೆಗಲು ಕುಣಿಯುತ್ತದೆ. ಆ ದಿನವೂ ಕುಣಿಯಿತು. ನಗು ನಿಂತ ಮೇಲೆ ಅದೇ ಸ್ವರದಲ್ಲಿ ಹೇಳಿದರು, "ನೀನು ಕೊಡ್ತೀ ಮಗಾ. ಅದ್ರಲ್ಲಿ ನನಗೆ ಸಂಶಯ ಇಲ್ಲ. ಆದ್ರೆ ಕೇಳ್ಬೇಕಲ್ಲ. ಮೀನಿಗೆ ಸಹ ಇವರ ಹತ್ತಿರ ಕೇಳಿ ಆಯ್ತು. ಇವರ ನಂತರ ನಿನ್ನ ಹತ್ತಿರ ಕೇಳುವುದು. ಬದುಕಿಡೀ ಕೇಳುವುದೇ ಆಯ್ತಲ್ವಾ?"

ಹೀಗೆ ಹೇಳಿ, ಬಂಗುಡೆಯ ತಲೆಯನ್ನು ಬೆಕ್ಕಿನ ಕಡೆ ಎಸೆದರು. ದೂರುವ ಸ್ವರವೇ ಅಲ್ಲ ಅದು. ದೂರಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ, ಅದು ನನಗೆ ಬರುತ್ತದೆ. ಬದಲಿಗೆ ಒಂದು ಕೊಡ ನೀರು ಸೇದಿ ಕೊಟ್ಟೆ. ಆ ಮಧ್ಯಾಹ್ನದ ಬಂಗುಡೆ ಪುಳಿಮುಂಚಿ ಎಷ್ಟು ಚೆನ್ನಾಗಿತ್ತೆಂದರೆ, ಬೇಸರದಲ್ಲಿಯೂ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಬಹಳ ವಿಚಾರವಂತರಂತೆ ತಲೆ ಆಡಿಸಿ, ಹಳೆ ಕಾಲದವರು ಹೀಗೆಯೇ, ಪಾಪ, ಎಂದರು. ಹಾಗಾದರೆ ನಿಮ್ಮ ಭವಿಷ್ಯನಿಧಿಗೆ ಯಾರು ನಾಮಿನಿ ಎಂದು ಸುಮ್ಮನೆ ಕೇಳಿದೆ. ತಲೆ ಆಡುವುದು ನಿಂತಿತು. ಕೆಲಸಕ್ಕೆ ಸೇರಿದಾಗ ಅಕ್ಕನ ಮಗನ ಹೆಸರು ಬರೆದದ್ದಂತೆ. "ಆಗ ನೀನು ಎಲ್ಲಿದ್ದಿ?" ಎಂದು ನನ್ನನ್ನೇ ಕೇಳಿದರು. ಮದುವೆಯಾಗಿ ಇಷ್ಟು ವರ್ಷವಾಯಿತಲ್ಲ, ಈಗ ನಾನು ಎಲ್ಲಿದ್ದೇನೆ ಎಂದು ಕೇಳಿದೆ. ಮರುದಿನವೇ ಆಫೀಸಿನಲ್ಲಿ ಬದಲಾಯಿಸಿ ಬಂದರು. ಅಷ್ಟು ಸುಲಭ. ಆದರೆ ನನ್ನ ಗಂಡ ನನಗೆ ಹೆದರುತ್ತಾರೆ, ಮಾವ ಯಾರಿಗೂ ಹೆದರುವುದಿಲ್ಲ. ಹೆದರಿದರೆ ಒಬ್ಬರಿಗೆ ಮಾತ್ರ, ಅಕ್ಕನಿಗೆ. ಎಂದರೆ ನನ್ನ ಅಮ್ಮನಿಗೆ.

ಶನಿವಾರ ಕಾರ್ಕಳದ ಬಸ್ಸು ಹತ್ತಿದೆ.

ಅಮ್ಮ ಇರುವುದು ಕಾರ್ಕಳದ ನಮ್ಮ ಕುಟುಂಬದ ಮನೆಯಲ್ಲಿ, ಅವಳ ದೊಡ್ಡಮ್ಮನ ಮಕ್ಕಳು ಮೊಮ್ಮಕ್ಕಳ ನಡುವೆ. ಆ ಮನೆಯಲ್ಲಿ ಯಾವಾಗಲೂ ಜನ, ಯಾವಾಗಲೂ ಯಾರೋ ಯಾರನ್ನೋ ಬೈಯುತ್ತಿರುತ್ತಾರೆ, ಹೆಚ್ಚಾಗಿ ಅಮ್ಮನೇ. ಅವತ್ತು ಹಪ್ಪಳಕ್ಕೆಂದು ಹಲಸಿನಕಾಯಿ ಕೊಯ್ದು ಹಾಕಿದ್ದರು. ಅಮ್ಮ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸುತ್ತಿದ್ದಳು. ನಾನೂ ಎಣ್ಣೆ ಸವರಿಕೊಂಡು ಎದುರು ಕುಳಿತು ವಿಷಯ ತೆಗೆದೆ. ಮಾವನ ದುಡ್ಡಿಗೆ ಅತ್ತೆಯ ಹೆಸರು ಹಾಕಬೇಕು, ನೀನು ಹೇಳಿದರೆ ಮಾತ್ರ ಆಗುತ್ತದೆ ಎಂದೆ.

ಅಮ್ಮ ಎರಡು ಮೂರು ಸೊಳೆ ಬಿಡಿಸಿ ಪಾತ್ರೆಗೆ ಹಾಕಿದಳು. ಆಮೇಲೆ, "ನಿನ್ನ ಹೆಸರು ತೆಗೀರಿ ಅಂತ ನೀನೇ ಹೇಳಿದ್ದಾ?" ಎಂದಳು.

"ಹೌದು."

"ನಿನಗೆ ತಲೆ ಸರಿ ಉಂಟಾ?"

ನಾನು ಜಗಳಕ್ಕೆ ಸಿದ್ಧಳಾದೆ. ಆದರೆ ಅಮ್ಮ ಬೇರೆಲ್ಲೋ ಹೋಗಿದ್ದಳು. ನನಗೆ ಗೊತ್ತಿಲ್ಲದ ಒಂದು ದಿನದ ವಿಷಯ ಅವಳು ಹೇಳಿದ್ದು ಆಗ.

ನನ್ನ ಅಜ್ಜನ ಮನೆ ಬೆಳ್ಮಣ್ಣಿನ ಹತ್ತಿರ. ಅಜ್ಜಿ, ಅಮ್ಮ, ಮಾವ ಎಲ್ಲರೂ ಅಲ್ಲೇ ಇದ್ದರು. ಅಜ್ಜ ತೀರಿಕೊಂಡಾಗ ಅಮ್ಮ ಶಾಲೆಗೆ ಹೋಗುವ ಹುಡುಗಿ, ಮಾವ ಇನ್ನೂ ಚಡ್ಡಿ ಹಾಕಲು ಹಟ ಮಾಡುವ ವಯಸ್ಸು. ಉತ್ತರಕ್ರಿಯೆ ಮುಗಿದ ಮೇಲೆ ಅಜ್ಜನ ಮನೆಯವರು ಕೆಟ್ಟ ಮಾತೇನೂ ಆಡಲಿಲ್ಲ. ಗಾಡಿ ತರಿಸಿದರು. ಆ ಮನೆ ಅಜ್ಜನ ಅಕ್ಕತಂಗಿಯರ ಮಕ್ಕಳದ್ದು. ಹೆಂಡತಿ ಮಕ್ಕಳು ತಮ್ಮ ಮನೆಗೆ ಹೋಗುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. "ನಮ್ಮ ಅಮ್ಮ ಒಲೆಯ ಮೇಲೆ ಗಂಜಿ ಇಟ್ಟಿದ್ದರು," ಎಂದಳು ಅಮ್ಮ. "ಅದನ್ನು ಇಳಿಸಿ ಹೊರಟದ್ದು. ನಾನು ಹಿಂದೆ ತಿರುಗಿ ನೋಡಿದ್ದು ಆ ಗಂಜಿಯನ್ನು. ನನಗೆ ಹಸಿವಾಗ್ತಿತ್ತು."

ಗಾಡಿ ಬಂದು ನಿಂತದ್ದು ಇದೇ ಅಂಗಳದಲ್ಲಿ. ಅಜ್ಜಿಯ ಅಣ್ಣ ಓಡಿ ಬಂದು, ನಿದ್ದೆ ಹೋಗಿದ್ದ ಮಾವನನ್ನು ಎತ್ತಿಕೊಂಡು ಒಳಗೆ ನಡೆದರಂತೆ. ಮಾವನಿಗೆ ನೆನಪಿರುವುದು ಅಲ್ಲಿಂದ ಮುಂದಿನದ್ದು ಮಾತ್ರ. ತುಂಬಿದ ಮನೆ, ಬೇಕಾದಷ್ಟು ಅನ್ನ, ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಸೋದರಮಾವ. ಅಕ್ಕತಂಗಿಯರ ಮಕ್ಕಳಿಗೆ ಕೊಡುವುದು ಮಾವನ ಪಾಲಿಗೆ ಬರೀ ಹಳೆಯ ಕಟ್ಟಲೆಯಲ್ಲ. ಅವರನ್ನು ಬೆಳೆಸಿದ್ದೇ ಆ ಕಟ್ಟಲೆ. ಅವರು ಬಿಟ್ಟು ಬಂದ ಒಲೆಯನ್ನು ಮಾತ್ರ ಅವರು ನೋಡಿರಲಿಲ್ಲ. ಇದು ತಿಳಿದ ಮೇಲೆ ಮಾವನ ಮೇಲಿನ ಸಿಟ್ಟು ನನ್ನಲ್ಲಿ ಉಳಿಯಲಿಲ್ಲ.

"ಅವನಿಗೆ ಫೋನ್ ಮಾಡು," ಎಂದಳು ಅಮ್ಮ. ಕೈ ತುಂಬ ಹಲಸಿನ ಮೇಣವಾದ್ದರಿಂದ ನಾನು ಮೊಣಕೈಯಲ್ಲಿ ಸರ್ಕಸ್ ಮಾಡಿ ಸ್ಪೀಕರ್ ಹಾಕಿದೆ. ಅಮ್ಮ ಪೀಠಿಕೆ ಹಾಕುವವಳಲ್ಲ.

"ಅಲ್ಲ ಮಾರಾಯ, ನಮ್ಮ ಅಮ್ಮನಿಗೆ ಹೋಗ್ಲಿಕ್ಕೆ ಕಾರ್ಕಳ ಇತ್ತು. ನಿನ್ನ ಹೆಂಡತಿಗೆ ಎಂತ ಉಂಟು?"

ಅಮ್ಮ ಉತ್ತರಕ್ಕೆ ಕಾಯಲಿಲ್ಲ.

"ಪಡುಬಿದ್ರಿಯಲ್ಲಿ ಅವಳ ತಾಯಿಮನೆ ಎಲ್ಲಿ ಉಂಟು ಹೇಳು. ಹೈವೇಗೆ ಅಂಗಳ ಹೋಯ್ತು. ಉಳಿದದ್ದನ್ನು ಮಾರಿ ಅಣ್ಣಂದಿರು ಬೊಂಬಾಯಿಗೆ ಹೋದ್ರು. ಈಗ ಅಲ್ಲಿ ಟಯರಿನ ಅಂಗಡಿ. ನಾಳೆ ಅವಳು ಗಾಡಿ ಹತ್ತಿ ಟಯರಿನ ಅಂಗಡಿಗೆ ಹೋಗುವುದಾ?"

ಅಮ್ಮ ಹೇಳಿದ ಮೇಲೆಯೇ ನನಗೂ ಅದು ಸರಿಯಾಗಿ ಕಂಡದ್ದು. ಪ್ರತಿ ಹೆಣ್ಣಿಗೂ ಮರಳಿ ಹೋಗಲು ಒಂದು ತಾಯಿಮನೆ ಇದ್ದ ಕಾಲದ ಲೆಕ್ಕ ಅದು. ಮನೆ ಹೋಗಿ, ಲೆಕ್ಕ ಮಾತ್ರ ಉಳಿದಿದೆ.

ಮಾವ ಗಂಟಲು ಸರಿಮಾಡಿಕೊಂಡರು. "ನೀನು ಹೇಳುದು ಸರಿ ಅಕ್ಕ. ಆದ್ರೆ ಮಗುವಿನ ಹೆಸರು ನಾನು ಹೊಡೆಯುದಿಲ್ಲ." ಐವತ್ತರ ಹತ್ತಿರ ಬಂದ ನಾನು ಆ ಮಗು.

ನಾನು ಫೋನಿನ ಹತ್ತಿರ ಬಾಯಿ ತಂದು ಹೇಳಿದೆ, "ಹೊಡೆಯುವುದು ಬೇಡ ಮಾವ. ಸೇರಿಸುವ. ಠೇವಣಿ, ಪಾಸ್‌ಬುಕ್ಕಿನ ಖಾತೆ ಎರಡನ್ನೂ ನಿಮ್ಮಿಬ್ಬರ ಹೆಸರಿಗೆ ಮಾಡುವ, ಜಾಯಿಂಟ್. ಇಬ್ಬರಲ್ಲಿ ಯಾರು ಬೇಕಾದ್ರೂ ತೆಗೀಬಹುದು, ಒಬ್ಬರು ಹೋದ್ರೆ ಇನ್ನೊಬ್ಬರದ್ದೇ. ನನ್ನ ಹೆಸರು ಕೆಳಗೆ ಇರ್ಲಿ, ಇಬ್ಬರ ನಂತರಕ್ಕೆ."

ದಿನಾ ನಾನೇ ಕೌಂಟರಿನಲ್ಲಿ ಮಾಡಿಕೊಡುವ ಕೆಲಸ. ಸಿಟ್ಟಿನಲ್ಲಿ ಹೊಳೆದಿರಲಿಲ್ಲ.

"ನಿನ್ನ ಹೆಸರು ಇರ್ತದಲ್ವಾ?" ಎಂದು ಮಾವ ಖಚಿತಪಡಿಸಿಕೊಂಡರು. "ಹಾಗಾದ್ರೆ ಮೊದಲೇ ಹೇಳ್ಬಾರ್ದಾ? ಸುಮ್ಮನೆ ಕಾರ್ಕಳದವರೆಗೆ ಹೋದದ್ದು ಎಂತಕ್ಕೆ?"

ಆಮೇಲಿನ ವಾರ ಕಾಪುವಿನ ಬ್ಯಾಂಕಿನಲ್ಲಿ ನಾವು ಮೂವರು. ಅತ್ತೆ ಮದುವೆ ಮನೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು. ಗಂಡನ ಜೊತೆ ಬ್ಯಾಂಕಿಗೆ ಬಂದದ್ದು ಅವರು ಅದೇ ಮೊದಲು. ಫೋಟೋ ಬೇಕೆಂದಾಗ ಎದುರಿನ ಸ್ಟುಡಿಯೋಕ್ಕೆ ಹೋದರು. ನಗಬಾರದು ಎಂದು ಸ್ಟುಡಿಯೋದವನು ಹೇಳಿದ್ದೇ ತಡ, ಅತ್ತೆಯ ಹೆಗಲು ಕುಣಿಯಲು ಶುರು. ಮಾವ ಪಕ್ಕದಲ್ಲಿ ನಿಂತು ಗದರಿಸಿದರೆ ಇನ್ನೂ ಹೆಚ್ಚು. ಕೊನೆಗೆ ನಗುವಿನ ಫೋಟೋವೇ ಅರ್ಜಿಗೆ ಅಂಟಿತು. ಮನೆಯ ವಿಷಯಕ್ಕೆ ಉಡುಪಿಯ ವಕೀಲರೊಬ್ಬರ ಹತ್ತಿರ ವಿಲ್ ಬರೆಸಿದೆವು, ಅತ್ತೆ ಇರುವವರೆಗೆ ಮನೆ ಅತ್ತೆಯದ್ದೇ ಎಂದು. ಅಲ್ಲಿ ಮಾವನಿಗೆ ನ್ಯಾಯ ನೆನಪಾಯಿತು. "ಹಾಗಾದ್ರೆ ಅವಳ ಚಿನ್ನಕ್ಕೆ ನನ್ನ ಹೆಸರು ಬೇಡವಾ?" ಎಂದು ಕೇಳಿದರು.

"ಅದು ನನ್ನ ಅಮ್ಮನದ್ದು. ತಂಗಿಯ ಮಗಳಿಗೇ," ಎಂದರು ಅತ್ತೆ. "ನಿಮಗೆ ಸೊಂಟಪಟ್ಟಿ ಎಂತಕ್ಕೆ?"

ವಕೀಲರು ನಕ್ಕರು, ಮಾವನೂ ನಕ್ಕರು. ಸಮಾನತೆಯ ಬಗ್ಗೆ ಭಾಷಣ ಮಾಡಲು ಹೊರಟಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಬ್ಯಾಂಕಿನ ಕಾರ್ಡು ಬಂದ ಮೇಲೆ ಅತ್ತೆಗೆ ಅದನ್ನು ಬಳಸಲು ಕಲಿಸಿದ್ದು ನಾನು. ಎಟಿಎಮ್ಮಿನ ಮುಂದೆ ಮೊದಲ ದಿನ ಅವರು ಗುಪ್ತ ಸಂಖ್ಯೆಯನ್ನು ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಒಂದೊಂದಾಗಿ ಓದಿ ಒತ್ತಿದರು. ಸಂಖ್ಯೆ ಬದಲಾಯಿಸಿ, ಸರಿಯಾಗಿ ಬೈದು, ಒಂದೇ ಮಾತು ಹತ್ತು ಸಲ ಹೇಳಿದೆ: ಯಾರಿಗೂ ಹೇಳಬಾರದು, ಯಾರಿಗೂ ತೋರಿಸಬಾರದು.

"ನಿನಗೆ?"

"ನನಗೂ."

"ಇವರಿಗೆ?"

"ಅವರ ಕಾರ್ಡು ಅವರಿಗೆ ಬೇರೆ ಉಂಟು."

ಮಾವನ ಶಸ್ತ್ರಚಿಕಿತ್ಸೆ ಡಾಕ್ಟರರು ಹೇಳಿದ ಹಾಗೆಯೇ ಆಯಿತು, ಸಣ್ಣದು, ಹೆದರುವಂಥದ್ದೇನಿಲ್ಲ. ಮಾವನಿಗೆ ಅದರಿಂದ ಸ್ವಲ್ಪ ನಿರಾಸೆಯೇ ಆದಂತಿತ್ತು. ಮನೆಗೆ ಬಿಡುವ ದಿನ ನಾನು ರಜೆ ಹಾಕಿ ಮಣಿಪಾಲಕ್ಕೆ ಹೋದೆ. ವಿಮೆಯಲ್ಲಿ ಬಂದದ್ದು ಕಳೆದು ಉಳಿದದ್ದನ್ನು ಕೌಂಟರಿನಲ್ಲಿ ಕಟ್ಟಬೇಕಿತ್ತು. ಮಾವ ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಔಷಧದ ಚೀಲ. ಪರ್ಸ್ ಮನೆಯಲ್ಲಿ ಅಂಗಿಯ ಕಿಸೆಯಲ್ಲೇ ಉಳಿದಿತ್ತು. ಅವರು ಅಭ್ಯಾಸಬಲದಿಂದ ಎದೆಯ ಬಳಿ ತಡಕಿ, ಆಮೇಲೆ ನನ್ನ ಕಡೆ ನೋಡಿದರು. ನಾನು ಬ್ಯಾಗಿಗೆ ಕೈಹಾಕಿದೆ.

"ನೀನು ಇರು ಮಗಾ," ಎಂದರು ಅತ್ತೆ.

ರವಿಕೆಯೊಳಗಿನ ಪುಟ್ಟ ಪರ್ಸಿನಿಂದ ಕಾರ್ಡು ತೆಗೆದು ಕೌಂಟರಿನ ಹುಡುಗಿಗೆ ಕೊಟ್ಟರು. ಹುಡುಗಿ ಯಂತ್ರವನ್ನು ಅವರ ಮುಂದೆ ಇಟ್ಟಳು. ಅತ್ತೆ ಬೆರಳು ಎತ್ತಿದವರು, ತಡೆದು, ನನ್ನ ಕಡೆ ತಿರುಗಿದರು.

"ನೀನು ಆ ಕಡೆ ನೋಡು."

ನಾನು ಆ ಕಡೆ ನೋಡಿದೆ. ಸಾಲದ್ದಕ್ಕೆ ಅವರು ಸೀರೆಯ ಸೆರಗನ್ನು ಯಂತ್ರದ ಮೇಲೆ ಕೊಡೆಯಂತೆ ಹಿಡಿದರು. ಗೋಡೆ ನೋಡುತ್ತ ನಿಂತ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ರಸೀದಿ ಹೊರಬರುವ ಸದ್ದು ಕೇಳಿಸಿತು. ಮಾವ ಗಾಲಿಕುರ್ಚಿಯಿಂದ ಕತ್ತು ಉದ್ದ ಮಾಡಿದರು.

"ಬಾಕಿ ಎಷ್ಟು?"

ಅತ್ತೆ ರಸೀದಿಯನ್ನು ಮಡಚಿ, ಕಾರ್ಡಿನ ಜೊತೆ ಪುಟ್ಟ ಪರ್ಸಿಗೆ ಹಾಕಿ, ಪರ್ಸನ್ನು ರವಿಕೆಯೊಳಗೆ ಇಟ್ಟುಕೊಂಡರು.

"ಉಂಟು," ಎಂದರು. "ಮೀನಿಗೆ ಸಾಕು."